ಗುಡಿಯ ಗೋಡೆಯ ಮೇಲೆ ನಾಲ್ಕು ಸಾಲು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾಗರ ಪಂಚಮಿ ಮುಗಿದ ಮೇಲೆ ನಿಮ್ಮ ಪತ್ರಿಕೆಯ ಓದುಗರ ಪುಟದಲ್ಲಿ ಎರಡು ಪತ್ರಗಳು ಬಂದಿದ್ದವು. ಹುತ್ತಕ್ಕೆ ಹಾಲೆರೆಯುವುದು ಮೂಢತನ, ಹಾವು ಹಾಲು ಕುಡಿಯುವುದಿಲ್ಲ, ಇಷ್ಟು ಓದಿದ ಮೇಲೂ ಹೆಂಗಸರಿಗೆ ಬುದ್ಧಿ ಬಂದಿಲ್ಲ ಎಂದು ಒಬ್ಬರು ಬರೆದಿದ್ದರು. ನಮ್ಮ ನಂಬಿಕೆಯ ತಂಟೆಗೆ ಬರಬೇಡಿ, ಹಿರಿಯರು ಮಾಡಿದ್ದನ್ನು ಪ್ರಶ್ನೆ ಮಾಡಲು ನೀವ್ಯಾರು ಎಂದು ಮರುವಾರ ಇನ್ನೊಬ್ಬರು ಉತ್ತರ ಕೊಟ್ಟಿದ್ದರು. ಎರಡನ್ನೂ ಎರಡೆರಡು ಸಲ ಓದಿದೆ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ 1984ರಿಂದ 2021ರವರೆಗೆ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದವಳು. ಜನ ನರ್ಸಕ್ಕ ಎನ್ನುತ್ತಿದ್ದರು. ಹಾವು ಕಡಿದವರನ್ನು ಎಷ್ಟೋ ಸಲ ಕೈಯಾರೆ ಎತ್ತಿ ಗಾಡಿಗೆ ಹಾಕಿದ್ದೇನೆ. ಸ್ವಂತ ತಮ್ಮನನ್ನು ಹಾವಿಗೆ ಕಳೆದುಕೊಂಡಿದ್ದೇನೆ. ಈ ವರ್ಷದ ಪಂಚಮಿಗೂ ಹಾಲೆರೆದಿದ್ದೇನೆ. ಈ ಮೂರೂ ಸೇರಿ ನನ್ನನ್ನು ಬರೆಯಲು ಕೂಡಿಸಿವೆ. ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಉಳಿದದ್ದನ್ನೆಲ್ಲ ಕತ್ತರಿಸಿ, ಕೊನೆಯ ಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ನಮ್ಮ ಊರು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯಲ್ಲಿತ್ತು. ಇತ್ತು ಎನ್ನುತ್ತೇನೆ, ಯಾಕೆಂದರೆ ಈಗ ಅದು ಆಲಮಟ್ಟಿ ಹಿನ್ನೀರಿನ ಕೆಳಗಿದೆ. 1974ರ ಮಳೆಗಾಲ. ನನಗೆ 13 ವರ್ಷ, ತಮ್ಮನಿಗೆ 9. ಹೊತ್ತು ಮುಳುಗುವ ಸಮಯಕ್ಕೆ ಎತ್ತುಗಳಿಗೆ ಕಣಿಕೆ ತರಲು ಬಣವೆಯ ಹತ್ತಿರ ಹೋದವನು ಕುಂಟುತ್ತಾ ಬಂದ. ಪಾದದ ಮೇಲೆ ಎರಡು ಗುರುತು ಇದ್ದವು. ಅಪ್ಪ ಚಕ್ಕಡಿಯ ಹಗ್ಗದಿಂದ ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿ, ಹೆಗಲ ಮೇಲೆ ಹೊತ್ತುಕೊಂಡು ಹಣಮಪ್ಪನ ಗುಡಿಗೆ ಓಡಿದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ಮಲಗಿಸಿದರು. ಬೇವಿನ ಎಲೆ ತಿನ್ನಿಸಿದರು. ಕಹಿ ಹತ್ತಿದರೆ ವಿಷ ಏರಿಲ್ಲ ಎಂದು ಲೆಕ್ಕ. ಕಹಿ ಐತಿ ಎಂದು ಅವನು ಅಂದಾಗ ಅಪ್ಪ ಗಳಗಳ ಅತ್ತದ್ದು ನೆನಪಿದೆ. ಬದುಕಿದ ಎಂದುಕೊಂಡಿದ್ದ.

ನಮ್ಮೂರಿನಿಂದ ಬಾಗಲಕೋಟೆಗೆ ದಿನಕ್ಕೆ ಎರಡು ಬಸ್ಸು ಇದ್ದವು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ತಮ್ಮ ಆ ಕಟ್ಟೆಯ ಮೇಲೆ ಎರಡು ದಿನ ಇದ್ದ. ಅಂದರೆ ಗುಡಿಯ ಮುಂದಿನಿಂದಲೇ ನಾಲ್ಕು ಬಸ್ಸು ಹಾದುಹೋದವು. ಕಾಲು ತೊಡೆಯವರೆಗೂ ಬಾತಿತು. ಎರಡನೇ ದಿನ ವಸಡಿನಿಂದ ರಕ್ತ ಬರಲು ಶುರುವಾಯಿತು. ಈಗ ನೆನೆಸಿಕೊಂಡರೆ ಅದು ಕೊಳಕುಮಂಡಲದ ಕಡಿತ ಎಂದು ಗೊತ್ತಾಗುತ್ತದೆ. ಆಗ ಯಾರಿಗೂ ಗೊತ್ತಿರಲಿಲ್ಲ. ಮೂರನೇ ದಿನ ಬೆಳಗಿನ ಬಸ್ಸು ಬರುವ ಮೊದಲೇ ಹೋಗಿಬಿಟ್ಟ.

ಅಷ್ಟಕ್ಕೇ ಮುಗಿಯಲಿಲ್ಲ. ದೇವರು ಯಾಕೆ ಕೈಬಿಟ್ಟ ಎಂದು ಊರು ಕಾರಣ ಹುಡುಕಿತು. ನಾನು ಆಗಷ್ಟೇ ದೊಡ್ಡವಳಾಗಿದ್ದೆ. ಆ ಎರಡು ದಿನಗಳಲ್ಲಿ ಒಮ್ಮೆ ಓಡಿಹೋಗಿ ತಮ್ಮನಿಗೆ ನೀರು ಕುಡಿಸಿ ಬಂದಿದ್ದೆ. ಮೈಲಿಗೆಯಾಯಿತು, ಅದಕ್ಕೇ ವಿಷ ಏರಿತು ಎಂದು ಹಿರಿಯರೊಬ್ಬರು ಅಂದರು. ಅಪ್ಪ ಏನೂ ಅನ್ನಲಿಲ್ಲ. ಆದರೆ ಮುಂದೆ ಬಹಳ ದಿನ ನನ್ನ ಕಡೆ ಮುಖ ಎತ್ತಿ ನೋಡಲಿಲ್ಲ. ಅವ್ವ ಮಾತ್ರ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು, 'ನೀ ನೀರ ಕೊಟ್ಟದ್ದು ಚಲೋ ಆತವ್ವಾ, ಬಾಯಿ ಒಣಗಿಸಿಕೊಂಡು ಹೋಗಲಿಲ್ಲ ಅಂವ' ಎಂದಳು.

ಎಂಟು ವರ್ಷ ಆ ಮಾತನ್ನು ಎದೆಯಲ್ಲಿ ಹೊತ್ತು ತಿರುಗಿದೆ. ನರ್ಸ್ ತರಬೇತಿಯಲ್ಲಿ ಒಂದು ದಿನ ಹಾವಿನ ಕಡಿತದ ಪಾಠ ಬಂತು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಡುತ್ತಾರೆ, ಅದರ ರಕ್ತದಲ್ಲಿ ವಿಷ ತಡೆಯುವ ಅಂಶ ಬೆಳೆಯುತ್ತದೆ, ಅದನ್ನು ತೆಗೆದು ಔಷಧ ಮಾಡುತ್ತಾರೆ ಎಂದು ಟೀಚರ್ ಹೇಳಿದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧ. ಅದು ನಮ್ಮ ದೇಶದಲ್ಲಿ ನಾನು ಹುಟ್ಟುವ ಮೊದಲೇ ಇತ್ತು. ನಾನು ಬೆಂಚಿನ ಮೇಲೆ ತಲೆಯಿಟ್ಟು ಅತ್ತೆ. ತಮ್ಮ ಸತ್ತದ್ದು ನನ್ನ ನೀರಿನಿಂದಲ್ಲ ಎಂದು ಆವತ್ತು ಮೊದಲ ಸಲ ನಂಬಿದೆ.

ಹಾಗಾದರೆ ನೀವು ಹಾಲೆರೆಯುವುದನ್ನು ಬಿಡಬೇಕಿತ್ತಲ್ಲ ಎಂದು ಮೊದಲನೇ ಪತ್ರ ಬರೆದವರು ಕೇಳಬಹುದು. ಅವ್ವನನ್ನು ನಾನೂ ಒಮ್ಮೆ ಹಾಗೇ ಕೇಳಿದ್ದೆ. ಹೊಸದಾಗಿ ನೌಕರಿ ಸೇರಿದ್ದೆ. ಮಗನನ್ನು ಕೊಂದ ಹಾವಿಗೆ ಯಾಕೆ ಹಾಲೆರೆಯುತ್ತೀ ಎಂದು ಜೋರು ಮಾಡಿದೆ. ನಮ್ಮ ಕಡೆ ಪಂಚಮಿಯಲ್ಲಿ ಹಾಲೆರೆಯುವಾಗ ದೇವರ ಪಾಲು, ಗುರುವಿನ ಪಾಲು ಎಂದು ಶುರುಮಾಡಿ ಮನೆಯ ಒಬ್ಬೊಬ್ಬರ ಹೆಸರು ಹೇಳುತ್ತಾರೆ. ಅವ್ವ ಹಾಲಿನ ಬಟ್ಟಲು ಕೆಳಗಿಟ್ಟು ಹೇಳಿದಳು. 'ಹಾಲೆರದ್ರ ಹಾವು ಕಡಿಯೂದಿಲ್ಲಂತ ಎರಿಯೂದಿಲ್ಲವ್ವಾ. ಅವನ ಹೆಸರು ಬಾಯಿತುಂಬ ಕರೀಲಿಕ್ಕೆ ನನಗ ವರ್ಷಕ್ಕ ಇದೊಂದ ದಿನ ಐತಿ.'

ಆಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಸಂಪಾದಕರೇ, ನಾನು ಹೇಳಬೇಕಾದದ್ದು ಇದನ್ನೇ. ಒಂದೇ ಗುಡಿ, ಒಂದೇ ಹಬ್ಬ, ಅದರೊಳಗೆ ಎರಡು ಬೇರೆ ಬೇರೆ ವಸ್ತುಗಳಿವೆ. ಅವ್ವನ ಹಾಲಿನಲ್ಲಿ ಇದ್ದದ್ದು ಪ್ರೀತಿ. ಅದರಿಂದ ಯಾರಿಗೂ ಕೆಡುಕಾಗಲಿಲ್ಲ, ಅವಳು ಬದುಕಿಕೊಂಡಳು. ತಮ್ಮನನ್ನು ಎರಡು ದಿನ ಕಟ್ಟೆಯ ಮೇಲೆ ಹಿಡಿದಿಟ್ಟದ್ದು, ಆಮೇಲೆ 13 ವರ್ಷದ ಹುಡುಗಿಯ ಮೇಲೆ ತಪ್ಪು ಹೊರಿಸಿದ್ದು, ಅದು ಭಯ. ನಾವು ಎರಡಕ್ಕೂ ನಂಬಿಕೆ ಎಂದೇ ಹೆಸರಿಟ್ಟಿದ್ದೇವೆ. ಅದರಿಂದಲೇ ಜಗಳ ಮುಗಿಯುತ್ತಿಲ್ಲ. ಒಬ್ಬರು ಭಯವನ್ನು ಬಯ್ಯಲು ಹೋಗಿ ಅವ್ವಂದಿರನ್ನು ಬಯ್ಯುತ್ತಾರೆ. ಇನ್ನೊಬ್ಬರು ಅವ್ವಂದಿರನ್ನು ಕಾಯಲು ಹೋಗಿ ಭಯವನ್ನೂ ಕಾಯುತ್ತಾರೆ.

ಮೊದಲನೇ ಪತ್ರದಲ್ಲಿ ಬಸವಣ್ಣನವರ ಕಲ್ಲನಾಗರದ ವಚನದ ಪ್ರಸ್ತಾಪವಿತ್ತು. ಪಂಚಮಿ ಬಂದರೆ ಆ ವಚನ ಎಲ್ಲರ ಬಾಯಲ್ಲೂ ಬರುತ್ತದೆ. ಬಸವನ ಬಾಗೇವಾಡಿಯೂ ಕೂಡಲಸಂಗಮವೂ ನಮಗೆ ಹತ್ತಿರ, ಶಾಲೆಯಲ್ಲೇ ಬಾಯಿಪಾಠ ಆಗಿರುತ್ತದೆ. ಆದರೆ ಜಾಸ್ತಿ ಜನ ಹಾವಿನ ಸಾಲಿಗೇ ನಿಂತುಬಿಡುತ್ತಾರೆ. ಅದರ ಮುಂದಿನ ಮಾತು ಹಸಿದು ಬಂದವನನ್ನು ಮುಂದೆ ಹೋಗು ಎಂದು ಕಳಿಸಿ, ಉಣ್ಣದ ದೇವರಿಗೆ ಎಡೆ ಹಿಡಿಯುವವರ ಬಗ್ಗೆ ಇದೆ. ಮನೆ ಬಾಗಿಲಿಗೆ ಬಂದ ಜೀವವನ್ನು ನೋಡಿ ಎಂದು 12ನೇ ಶತಮಾನದಲ್ಲೇ ಹೇಳಿದ ಮಾತು ಅದು. ನನ್ನ ಕಣ್ಣಿಗೆ ಆ ಹಸಿದವನ ಜಾಗದಲ್ಲಿ ಕಟ್ಟೆಯ ಮೇಲೆ ಮಲಗಿದ ತಮ್ಮ ಕಾಣುತ್ತಾನೆ.

ಗುಡಿಗೆ ಹೋದವರು ಬದುಕಿದ್ದಾರಲ್ಲ ಎಂದು ಜನ ಹೇಳುತ್ತಾರೆ. ನಿಜ, ಬದುಕಿದ್ದಾರೆ. ನಾನೇ ನೋಡಿದ್ದೇನೆ. ಇದನ್ನು ಬಿಡಿಸಿ ಹೇಳಬೇಕು, ಸುಮ್ನೆ ಸುಳ್ಳು ಅಂದರೆ ಯಾರೂ ಕೇಳುವುದಿಲ್ಲ. ನಮ್ಮ ಹೊಲಗಳಲ್ಲಿ ಇರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವಿಲ್ಲ. ಕೇರೆ ಹಾವು ಕಡಿದರೂ ಕತ್ತಲಲ್ಲಿ ಕಡಿದದ್ದು ಯಾವುದೆಂದು ಯಾರಿಗೆ ಗೊತ್ತು? ವಿಷದ ಹಾವು ಕೂಡ ಒಮ್ಮೊಮ್ಮೆ ಕಚ್ಚುತ್ತದೆ, ವಿಷ ಬಿಡುವುದಿಲ್ಲ. ಇವರೆಲ್ಲ ಎಲ್ಲಿಗೆ ಹೋದರೂ ಬದುಕುತ್ತಿದ್ದರು. ಗುಡಿಗೆ ಹೋದರು, ಬದುಕಿದರು, ಬಂದು ಗಂಟೆ ಕಟ್ಟಿದರು. ಆ ಗುಡಿಯ ತೊಲೆಯಲ್ಲಿ ಸಾಲುಸಾಲು ಗಂಟೆಗಳಿದ್ದವು. ಹೊಸದಾಗಿ ಬಂದವರು ಗಂಟೆಗಳನ್ನು ನೋಡಿ ಧೈರ್ಯ ತಂದುಕೊಳ್ಳುತ್ತಿದ್ದರು. ನನ್ನ ತಮ್ಮನ ಹೆಸರಿನ ಗಂಟೆ ಅಲ್ಲಿ ಇರಲಿಲ್ಲ.

ನಮ್ಮ ದೇಶದಲ್ಲಿ 2000ರಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಮಳೆಗಾಲದಲ್ಲಿ ಸತ್ತವರು, ಆಸ್ಪತ್ರೆಯ ಬಾಗಿಲು ಕಾಣದವರು. ಪಂಚಮಿ ಬರುವುದೂ ಅದೇ ಮಳೆಗಾಲದಲ್ಲಿ, ಬಿಲಗಳಿಗೆ ನೀರು ನುಗ್ಗಿ ಹಾವು ಹೊರಗೆ ಬರುವ ಹೊತ್ತಿಗೆ. ಆ ದಿನ ನೆಲ ಅಗೆಯಬಾರದು, ನೇಗಿಲು ಹೂಡಬಾರದು ಎಂದು ಹಿರಿಯರು ಹೇಳಿದ್ದರಲ್ಲಿ ಎಚ್ಚರಿಕೆಯೂ ಇದ್ದಿರಬೇಕು ಎಂದು ನನಗೆ ಅನಿಸುತ್ತದೆ.

ಈಗ ಒಂದು ರಾತ್ರಿಯ ಕಥೆ ಹೇಳುತ್ತೇನೆ. 108 ಗಾಡಿ ನಮ್ಮ ರಾಜ್ಯದಲ್ಲಿ ಶುರುವಾಗಿದ್ದು 2008ರ ನವೆಂಬರ್‌ನಲ್ಲಿ. ಅದರ ಮುಂದಿನ ವರ್ಷದ ಮಾತು. ನಾನಿದ್ದ ಹಳ್ಳಿಯಲ್ಲಿ ಕಬ್ಬು ಕಡಿಯಲು ಬಂದಿದ್ದ ಗ್ಯಾಂಗಿನ ಒಬ್ಬ ಹೆಣ್ಣುಮಗಳು ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದ್ದಳು. ನಡುರಾತ್ರಿ ಏನೋ ಚುರುಕ್ ಎಂದಂತಾಗಿ ಎದ್ದಳು. ನೋವಿಲ್ಲ, ಬಾವಿಲ್ಲ. ಗಂಡ ಬ್ಯಾಟರಿ ಹಚ್ಚಿ ನೋಡಿದಾಗ ಹಾಸಿಗೆಯ ಅಂಚಿನಲ್ಲಿ ಕಪ್ಪು ಹಾವು, ಮೈಮೇಲೆ ತೆಳುವಾದ ಬಿಳಿ ಗೆರೆಗಳು. ಅದೇ ಕಟ್ಟುಹಾವು. ನೋವು ಇಲ್ಲ ಎಂದು ಜನ ಮೋಸ ಹೋಗುವುದು ಇದರ ಕಡಿತದಲ್ಲೇ. ಅವಳನ್ನು ಆ ಊರಿನ ಗುಡಿಗೆ ಕರೆತಂದರು. ಯಾರೋ ಬಂದು ನನ್ನ ಬಾಗಿಲು ಬಡಿದರು.

ನಾನು ಹೋಗುವಷ್ಟರಲ್ಲಿ ಹೊಟ್ಟೆ ನೋವು ಎಂದು ಮುಲುಗುತ್ತಿದ್ದಳು. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ನಿದ್ದೆ ಬಂದಿದೆ, ಮಲಗಗೊಡಬೇಡಿ ಎಂದು ಸುತ್ತ ನಿಂತವರು ನೀರು ಚಿಮುಕಿಸುತ್ತಿದ್ದರು. ಅದು ನಿದ್ದೆಯಲ್ಲ, ವಿಷ ನರಗಳಿಗೆ ಹತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಉಸಿರು ನಿಲ್ಲುತ್ತದೆ ಎಂದು ನನಗೆ ಗೊತ್ತು. ಮುಂಗೈ ಮೇಲೆ ಕಡಿತ. ಬಾವು ಬಂದರೆ ಕಷ್ಟ, ಬಳೆ ತೆಗೆಯಿರಿ ಎಂದೆ. ಗಂಡ ಬದುಕಿರುವಾಗ ಬಳೆ ತೆಗೆಸುತ್ತೀಯಾ ಎಂದು ಅತ್ತೆ ನನ್ನ ಕೈ ತಳ್ಳಿದಳು. ಆಸ್ಪತ್ರೆಗೆ ಹೋಗೋಣ ಎಂದೆ. ದೇವರ ಮುಂದೆ ಮಲಗಿಸಿದ ಮೇಲೆ ಎಬ್ಬಿಸಬಾರದು, ಎಬ್ಬಿಸಿದರೆ ದೇವರು ಮುನಿಯುತ್ತಾನೆ ಎಂದರು. 25 ವರ್ಷ ಆ ಭಾಗದಲ್ಲಿ ಕೆಲಸ ಮಾಡಿದ್ದೆ. ಆ ಮನೆಗಳ ಎಷ್ಟೋ ಹೆರಿಗೆ ಮಾಡಿಸಿದ್ದೆ. ನನ್ನ ಮಾತು ಆ ಹೊತ್ತಿನಲ್ಲಿ ನಡೆಯಲಿಲ್ಲ.

ಪೂಜಾರಿ ವಯಸ್ಸಾದವರು. ಗರ್ಭಗುಡಿಯ ಹೊಸ್ತಿಲಲ್ಲಿ ಕೂತಿದ್ದರು. ಅವರ ಪಕ್ಕ ಕೂತು ನನ್ನ ತಮ್ಮನ ಕಥೆ ಹೇಳಿದೆ. ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. 'ಅಜ್ಜಾರ, ನಾನು ಹೇಳಿದ್ರ ಇವರು ಕೇಳೂದಿಲ್ಲ, ನೀವು ಒಂದು ಮಾತು ಹೇಳ್ರಿ' ಎಂದೆ. ಅವರು ಎದ್ದರು. ಹುಡುಗಿಯ ಹಣೆಗೆ ವಿಭೂತಿ ಹಚ್ಚಿದರು. ದೇವರ ಮೇಲಿನ ಒಂದು ಹೂ ತಂದು ಅವಳ ಸೆರಗಿನಲ್ಲಿ ಕಟ್ಟಿದರು. ಗಂಡನ ಕಡೆ ತಿರುಗಿ, 'ಅಪ್ಪಣಿ ಆತು, ಎಬ್ಬಸ್ರಿ. ದೇವರು ಗಾಡ್ಯಾಗ ನಿಮ್ಮ ಜೋಡಿ ಬರ್ತಾನ' ಎಂದರು. ಬಳೆಗಳನ್ನು ತಾವೇ ನಿಧಾನವಾಗಿ ಜಾರಿಸಿ ಅತ್ತೆಯ ಕೈಗೆ ಕೊಟ್ಟರು. 'ವಾಪಸ್ ಬಂದಮ್ಯಾಲೆ ದೇವರ ಮುಂದ ಇಡಸ್ತೀನಿ, ಇಟ್ಟುಕೋ ತಂಗಿ' ಎಂದರು. ಯಾರೂ ಎದುರಾಡಲಿಲ್ಲ.

ಆಕೆ ನಾಲ್ಕು ದಿನ ಉಸಿರಾಟದ ಯಂತ್ರದ ಮೇಲೆ ಇದ್ದು ಬದುಕಿ ಬಂದಳು. ಬಂದವಳು ಮೊದಲು ಗುಡಿಗೆ ಹೋಗಿ ಬಳೆ ಇಡಿಸಿಕೊಂಡಳು, ಗಂಟೆ ಕಟ್ಟಿದಳು. ನನಗೆ ಅದರಿಂದ ಬೇಸರವಾಗಲಿಲ್ಲ. ಇವತ್ತಿಗೂ ಆ ಗಂಟೆ ನೋಡಿದರೆ ಸಂತೋಷವಾಗುತ್ತದೆ. ಆವತ್ತಿನಿಂದ ಆ ಪೂಜಾರಿಯವರು ತಾವೇ ಒಂದು ಪದ್ಧತಿ ಮಾಡಿದರು. ಹಾವು ಕಡಿದವರನ್ನು ಯಾರೇ ತರಲಿ, ಗಾಡಿಯಿಂದ ಇಳಿಸಗೊಡುತ್ತಿರಲಿಲ್ಲ. ಗಾಡಿಯ ಹತ್ತಿರವೇ ಬಂದು ವಿಭೂತಿ ಹಚ್ಚಿ ಕಳಿಸುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ಹಾಗೇ ನಡೆಯಿತು.

ನಂಬಿಕೆಯನ್ನು ಹೊಸದಾಗಿ ನೋಡುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಆ ಅಜ್ಜನೇ ನೆನಪಾಗುತ್ತಾರೆ. ಅವರು ದೇವರನ್ನು ಬಿಡಲಿಲ್ಲ. ದೇವರು ಕಟ್ಟೆಯ ಮೇಲಷ್ಟೇ ಇರುತ್ತಾನೆ ಎಂಬುದನ್ನು ಬಿಟ್ಟರು.

ಇದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆ ಮನೆಗೆ ಹೋದರು. ಸ್ವಾಮಿಗಳ ಜೋಳಿಗೆಗೆ ಜನ ಜೋಳ ಹಾಕುತ್ತಾರೆ, ದುಡ್ಡು ಹಾಕುತ್ತಾರೆ. ಅವರು ನಿಮ್ಮ ಕುಡಿತ ಹಾಕಿ, ತಂಬಾಕು ಹಾಕಿ ಎಂದು ಬೇಡಿದರು. ಜೋಳಿಗೆ ಅದೇ, ಬೇಡುವ ಪದ್ಧತಿ ಅದೇ, ಒಳಗೆ ಬಿದ್ದದ್ದು ಬೇರೆ. ಅವರು ಹುಟ್ಟಿದ ದಿನ ಆಗಸ್ಟ್ 1ನ್ನು ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದವರು ಆ ಜೋಳಿಗೆಗೆ ಹಾಕಿದ ಮೇಲೆ ಮುಟ್ಟದೇ ಇದ್ದದ್ದನ್ನು ನನ್ನ ಕೆಲಸದ ಹಳ್ಳಿಗಳಲ್ಲಿ ಕಂಡಿದ್ದೇನೆ. ನಾವು ಅಂಟಿಸಿದ ಪೋಸ್ಟರುಗಳಿಂದ ಹಾಗೆ ಬಿಟ್ಟವರನ್ನು ಕಂಡದ್ದು ಕಡಿಮೆ.

ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರನ್ನೇ ನೋಡಿ. ಜೇಬಿಲ್ಲದ ಅಂಗಿ ತೊಟ್ಟು ಬದುಕಿದವರು, 2018ರಲ್ಲಿ ಪದ್ಮಶ್ರೀ ಕೊಟ್ಟಾಗ ವಿನಯದಿಂದ ಬೇಡ ಎಂದವರು. 2023ರ ಜನವರಿ 2ರಂದು ತೀರಿಕೊಂಡರು. ಸ್ವಾಮಿಗಳನ್ನು ಹೂಳಿ ಗದ್ದುಗೆ ಕಟ್ಟುವುದು ನಮ್ಮ ಕಡೆ ರೂಢಿ. ಅವರು ಮೊದಲೇ ಬರೆದಿಟ್ಟಿದ್ದರು: ದೇಹವನ್ನು ಹೂಳಬೇಡಿ, ಬೆಂಕಿಗೆ ಕೊಡಿ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ, ಸ್ಮಾರಕ ಕಟ್ಟಬೇಡಿ. ಲಕ್ಷಗಟ್ಟಲೆ ಜನ ಸೇರಿದ್ದರು. ಅವರು ಹೇಳಿದಂತೆಯೇ ನಡೆಯಿತು. ಎಷ್ಟೋ ತಲೆಮಾರಿನ ರೂಢಿ ಒಂದು ಕಾಗದದಿಂದ ಪಕ್ಕಕ್ಕೆ ಸರಿಯಿತು. ಯಾಕೆಂದರೆ ಆ ಕಾಗದ ಬರೆದವರ ಮೇಲೆ ಜನಕ್ಕೆ ಪ್ರೀತಿ ಇತ್ತು.

ಸರ್ಕಾರದ ಕಾಯ್ದೆ ಬೇಡ ಎನ್ನುತ್ತಿಲ್ಲ. ದೇವದಾಸಿ ಪದ್ಧತಿಯ ವಿರುದ್ಧ 1982ರಲ್ಲಿ ಕಾಯ್ದೆ ಬಂತು, ಬರಲೇಬೇಕಿತ್ತು. ಆದರೆ ಕಾಯ್ದೆ ಹೋಗದ ಜಾಗ ಒಂದಿದೆ, ಅದು ತಾಯಿಯ ಹೊಟ್ಟೆಯೊಳಗಿನ ಹೆದರಿಕೆ. ಮುಧೋಳದ ಕಡೆ ಕೆಲಸ ಮಾಡುವಾಗ ಹತ್ತು ವರ್ಷದ ಹುಡುಗಿಯ ತಲೆಯಲ್ಲಿ ಜಡೆ ಕಟ್ಟಿತ್ತು. ಎಣ್ಣೆ ನೀರು ಕಾಣದೆ ಕೂದಲು ಗಂಟಾಗಿತ್ತು, ಒಳಗೆ ಹೇನು, ಹುಣ್ಣು. ಎಲ್ಲವ್ವ ಕರೆದಿದ್ದಾಳೆ, ಮುತ್ತು ಕಟ್ಟಿಸಿ ದೇವದಾಸಿಯಾಗಿ ಬಿಡಬೇಕು ಎಂದು ಮನೆಯಲ್ಲಿ ಮಾತು ನಡೆದಿತ್ತು. ಕತ್ತರಿಸಿದರೆ ರಕ್ತ ಕಾರಿ ಸಾಯುತ್ತಾಳೆ ಎಂದು ತಾಯಿ ನಡುಗುತ್ತಿದ್ದಳು. ನಾನು ಕಾಯ್ದೆಯ ಮಾತು ಎತ್ತಲಿಲ್ಲ. ಎಲ್ಲವ್ವ ತಾಯಿ ಅಲ್ವಾ, ಮಗಳ ತಲೆಯಲ್ಲಿ ಹುಣ್ಣು ಇರಲಿ ಅನ್ನುವ ತಾಯಿ ಎಲ್ಲಿದ್ದಾಳೆ ಎಂದು ಕೇಳಿದೆ. ಆ ದಿನ ಒಪ್ಪಲಿಲ್ಲ. ಮೂರು ವಾರ ಹೋದೆ. ನಾಲ್ಕನೇ ವಾರ ತಾಯಿಯೇ ಭಂಡಾರ ಹಚ್ಚಿ, ನನ್ನ ಕೈಗೆ ಕತ್ತರಿ ಕೊಟ್ಟಳು. ಆ ರಾತ್ರಿ ಅವರ ಮನೆಯಲ್ಲೇ ಮಲಗಿದೆ, ತಾಯಿಗೆ ಧೈರ್ಯಕ್ಕೆ. ಆ ಹುಡುಗಿ ಮುಂದೆ ಶಾಲೆ ಕಲಿತು ಈಗ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೂ ಹೋಗುತ್ತಾಳೆ.

ಓದಿದವರಲ್ಲಿ ಈ ಭಯ ಇಲ್ಲ ಎಂದು ತಿಳಿಯಬೇಡಿ. ನನ್ನ ಸಂಬಂಧಿಕರ ಹುಡುಗ ಒಬ್ಬ ದೊಡ್ಡ ಊರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹುತ್ತಕ್ಕೆ ಹಾಲು ಎಂದರೆ ನಗುತ್ತಾನೆ. ಮದುವೆಯಾಗಿ ಮೂರು ವರ್ಷ ಮಕ್ಕಳಾಗಲಿಲ್ಲ. ಮೊಬೈಲಿನಲ್ಲಿ ಯಾರೋ ನಾಗದೋಷ ಎಂದರು. ಎರಡು ಕಡೆ ಪೂಜೆಗೆ ದುಡ್ಡು ಕಟ್ಟಿದ. ಹೆಂಡತಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀಯಾ ಎಂದು ಕೇಳಿದರೆ ಇಲ್ಲ. ಆ ಹುಡುಗಿ ಯಾವ ಜನ್ಮದಲ್ಲೋ ಹಾವು ಕೊಂದಿದ್ದಾಳಂತೆ. 1974ರಲ್ಲಿ ನನ್ನ ಮೇಲೆ ಬಿದ್ದ ಮಾತೇ ಬೇರೆ ಸೀರೆ ಉಟ್ಟು ಬಂದಿತ್ತು. ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನಿನ್ನದು ಏನೂ ತಪ್ಪಿಲ್ಲ ಮಗಳೇ ಎಂದಾಗ ಎಷ್ಟೋ ಹೊತ್ತು ಅತ್ತಳು.

ಇನ್ನೊಂದು ಮಾತನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಜನ ಗುಡಿಗೆ ಓಡುವುದಕ್ಕೆ ನಮ್ಮ ಆಸ್ಪತ್ರೆಗಳೂ ಕಾರಣ. ಗುಡಿಯ ಬಾಗಿಲು ರಾತ್ರಿ ಎರಡಕ್ಕೂ ತೆರೆಯುತ್ತದೆ. ಮೊದಲು ದುಡ್ಡು ಕಟ್ಟು ಎನ್ನುವುದಿಲ್ಲ. ಒಮ್ಮೆ ನಾನೇ ಒಬ್ಬ ರೈತನನ್ನು ಕರೆದುಕೊಂಡು ಹೋದಾಗ ಒಂದು ಆಸ್ಪತ್ರೆಯಲ್ಲಿ ಔಷಧ ಮುಗಿದಿದೆ ಎಂದರು. ಇನ್ನೊಂದು ಕಡೆ ಮುಂಗಡ ಕೇಳಿದರು. ಮೂರನೆಯದಕ್ಕೆ ಮುಟ್ಟುವಾಗ ಬೆಳಗಾಗಿತ್ತು. ಅವನ ಹೆಂಡತಿ ನನ್ನನ್ನು ನೋಡಿ, ಗುಡಿಯಲ್ಲೇ ಇದ್ದಿದ್ದರೆ ದೇವರ ಮುಂದಾದರೂ ಹೋಗುತ್ತಿದ್ದ ಎಂದಳು. ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಪ್ರತಿ ಕಡಿತ ಲೆಕ್ಕಕ್ಕೆ ಬಂದರೆ ಔಷಧ ಎಲ್ಲಿ ಎಷ್ಟು ಬೇಕು ಎಂದು ಗೊತ್ತಾಗುತ್ತದೆ. ಮಳೆಗಾಲಕ್ಕೆ ಮೊದಲೇ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅದು ಇರಬೇಕು. ಆಸ್ಪತ್ರೆಯನ್ನು ನಂಬಿ ಎಂದು ಕೇಳುವವರು ನಂಬಿಕೆಗೆ ತಕ್ಕಂತೆ ನಡೆದುಕೊಳ್ಳಬೇಕಲ್ಲ.

ನಮ್ಮ ಊರು ಮುಳುಗುವಾಗ, 90ರ ದಶಕದ ಕೊನೆಗೆ, ಹಣಮಪ್ಪನನ್ನೂ ಎಬ್ಬಿಸಬೇಕಾಯಿತು. ತಲೆತಲಾಂತರದಿಂದ ಕೂತ ದೇವರನ್ನು ಎಬ್ಬಿಸಿದರೆ ಊರಿಗೆ ಕೇಡು ಎಂದು ಕೆಲವರು ಹೆದರಿದ್ದರು. ನೀರು ಬರುತ್ತಿತ್ತು, ಬೇರೆ ದಾರಿ ಇರಲಿಲ್ಲ. ಪೂಜೆ ಮಾಡಿ, ದೇವರ ಕಳೆಯನ್ನು ಕೊಡಕ್ಕೆ ಇಳಿಸಿಕೊಂಡು, ಮೂರ್ತಿಯನ್ನು ಹುಲ್ಲಿನ ಮೇಲೆ ಮಲಗಿಸಿ ಟ್ರ್ಯಾಕ್ಟರಿನಲ್ಲಿ ಪುನರ್ವಸತಿ ಕೇಂದ್ರಕ್ಕೆ ತಂದರು. ಹೆಂಗಸರು ಹಿಂದೆ ಅಳುತ್ತಾ ಬಂದರು. ಹುತ್ತವನ್ನು ಮಾತ್ರ ತರಲು ಆಗಲಿಲ್ಲ. ಮುಂದಿನ ಪಂಚಮಿಗೆ ಅವ್ವ ಹೊಸ ಮನೆಯ ಅಂಗಳದಲ್ಲಿ ಮಣ್ಣು ಕಲಸಿ ಬೊಗಸೆಯಷ್ಟು ಒಂದು ನಾಗಪ್ಪನನ್ನು ಮಾಡಿದಳು. ಅದರ ಮೇಲೆ ಒಂದು ಚಮಚ ಹಾಲು ಬಿಟ್ಟು ತಮ್ಮನ ಹೆಸರು ಹೇಳಿದಳು. ಉಳಿದ ಹಾಲನ್ನು ಕಾಯಿಸಿ ಓಣಿಯ ಮಕ್ಕಳಿಗೆ ಕೊಟ್ಟಳು. ಅವಳಿ​ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಈಗ ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಹಾಗೇ ಮಾಡುತ್ತೇನೆ.

ಕೊನೆಯ ಭಾಗ ಎಂದೆನಲ್ಲ, ಅದು ಇದು.

ಹಾವು ಕಡಿದವರನ್ನು ಕರೆತರುವ ಗುಡಿಗಳು, ದರ್ಗಾಗಳು ನಮ್ಮ ಕಡೆಯ ಜಿಲ್ಲೆಗಳಲ್ಲಿ ಇವೆ. ಯಾವುವು ಎಂದು ಆಯಾ ಊರಿನವರಿಗೆ ಗೊತ್ತು. ಆ ಪೂಜಾರಿಗಳನ್ನು, ಮುಜಾವರರನ್ನು, ಕಮಿಟಿಯ ಹಿರಿಯರನ್ನು ನಾನು ಕೈಮುಗಿದು ಕೇಳುತ್ತೇನೆ. ಗುಡಿಯ ಜೀರ್ಣೋದ್ಧಾರ ಆದಾಗ ದೇಣಿಗೆ ಕೊಟ್ಟವರ ಹೆಸರಿನ ಕಲ್ಲು ಹಾಕಿಸುತ್ತೀರಿ. ಅದರ ಪಕ್ಕದಲ್ಲೇ, ರಾತ್ರಿ ಬೆಳಕು ಬೀಳುವ ಜಾಗದಲ್ಲಿ, ದೊಡ್ಡ ಅಕ್ಷರದಲ್ಲಿ ನಾಲ್ಕು ಸಾಲು ಬರೆಸಿ. ನಾನು ಹೇಳಿದರೆ ಕೇಳದ ಜನ ದೇವರ ಗೋಡೆ ಹೇಳಿದರೆ ಕೇಳುತ್ತಾರೆ. ನಮ್ಮ ಊರಿನ ಹಣಮಪ್ಪನ ಗುಡಿಯ ಕಮಿಟಿ ಬರುವ ಶನಿವಾರ ಸೇರುತ್ತದೆ. ನಾನು ಹೋಗುತ್ತಿದ್ದೇನೆ. ಬಣ್ಣದ ಖರ್ಚು ನನ್ನದು ಎಂದು ಹೇಳಿ ಕಳಿಸಿದ್ದೇನೆ. ಬರೆಸಬೇಕೆಂದಿರುವ ಸಾಲುಗಳನ್ನು ಇಲ್ಲಿ ಕೊಡುತ್ತೇನೆ, ಬೇರೆ ಊರಿನವರು ಇದನ್ನೇ ಬಳಸಿಕೊಳ್ಳಲಿ.

ಹಾವು ಕಡಿದವರನ್ನು ಗಾಡಿಯಿಂದ ಇಳಿಸಬೇಡಿ, ಮೊದಲು ಆಸ್ಪತ್ರೆಗೆ ಒಯ್ಯಿರಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿರಿ.
ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಕಡಿಸಿಕೊಂಡವರನ್ನು ನಡೆಸಬೇಡಿ.
ಬಳೆ, ಉಂಗುರ, ಕಾಲುಂಗುರ ತೆಗೆಯಿರಿ, ದೇವರ ಅಪ್ಪಣೆ ಇದೆ.
ಗುಣವಾದ ಮೇಲೆ ಬಂದು ಗಂಟೆ ಕಟ್ಟಿರಿ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ,
ನವನಗರ, ಬಾಗಲಕೋಟೆ